ಅರ್ನೆಸ್ಟ್ ಶ್ಯಾಕಲ್ಟನ್

ಸರ್ ಅರ್ನೆಸ್ಟ್ ಹೆನ್ರಿ ಶ್ಯಾಕಲ್ಟನ್ (ಫೆಬ್ರವರಿ 15, 1874 – ಜನವರಿ 5, 1922) ಅಂಟಾರ್ಕ್ಟಿಕಾ ಖಂಡಕ್ಕೆ ಕೈಗೊಂಡ ಸಾಹಸಯಾತ್ರೆಗಳಿಂದ ಪ್ರಸಿದ್ಧರಾದ ಆಂಗ್ಲೋ-ಐರಿಷ್ ಅನ್ವೇಷಕರು. ದಕ್ಷಿಣ ಧ್ರುವವನ್ನು ತಲುಪುವುದು ಮತ್ತು ಅಂಟಾರ್ಕ್ಟಿಕಾವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟುವುದು ಅವರ ಎರಡು ಗುರಿಗಳಾಗಿದ್ದವು. ಎರಡೂ ಕೈಗೂಡಲಿಲ್ಲ. ಆದರೂ ಹಡಗು ಮುಳುಗಿದ ಮೇಲೆ ತಮ್ಮೊಡನಿದ್ದ 27 ಮಂದಿಯ ಪ್ರಾಣವನ್ನೂ ಉಳಿಸಿದ ನಾಯಕರೆಂದು ಅವರ ಹೆಸರು ಉಳಿದಿದೆ. ಅಂಟಾರ್ಕ್ಟಿಕಾಕ್ಕೆ ಹೋಗುವ ಇಂದಿನ ಹಲವು ಪ್ರವಾಸಿ ಹಡಗುಗಳು ಅವರ ಯಾತ್ರೆಯ ತಾಣಗಳನ್ನು ಸಂದರ್ಶಿಸುತ್ತವೆ.

ಆರಂಭಿಕ ಜೀವನ

ಶ್ಯಾಕಲ್ಟನ್ ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಕಿಲ್ಕೀ ಎಂಬಲ್ಲಿ ಜನಿಸಿದರು. ಹತ್ತು ಮಕ್ಕಳಲ್ಲಿ ಅವರು ಎರಡನೆಯವರು. ಕೃಷಿಕರಾಗಿದ್ದ ತಂದೆ ಹೆನ್ರಿ ಬಳಿಕ ವೈದ್ಯಶಾಸ್ತ್ರ ಕಲಿತು ವೈದ್ಯರಾದರು. 1884ರಲ್ಲಿ ಕುಟುಂಬವು ಲಂಡನ್ನಿಗೆ ಸ್ಥಳಾಂತರಗೊಂಡಿತು. ಡಲ್ವಿಚ್ ಕಾಲೇಜಿನಲ್ಲಿ ಓದಿದ ಶ್ಯಾಕಲ್ಟನ್ 1890ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ವಾಣಿಜ್ಯ ಹಡಗನ್ನು ಸೇರಿದರು. 1898ರಲ್ಲಿ ಹಡಗಿನ ಕಪ್ತಾನನಾಗುವ ಅರ್ಹತೆಯನ್ನು ಪಡೆದರು. 1904ರಲ್ಲಿ ಎಮಿಲಿ ಡಾರ್ಮನ್ ಅವರನ್ನು ವಿವಾಹವಾದರು. ಈ ದಂಪತಿಗೆ ಮೂವರು ಮಕ್ಕಳು.

ಡಿಸ್ಕವರಿ ಯಾತ್ರೆ

ರಾಬರ್ಟ್ ಫಾಲ್ಕನ್ ಸ್ಕಾಟ್ ಅವರ ನೇತೃತ್ವದ ಡಿಸ್ಕವರಿ ಯಾತ್ರೆಯಲ್ಲಿ (1901–1904) ಶ್ಯಾಕಲ್ಟನ್ ಮೊದಲ ಬಾರಿಗೆ ಅಂಟಾರ್ಕ್ಟಿಕಾವನ್ನು ಕಂಡರು. ಸ್ಕಾಟ್, ಎಡ್ವರ್ಡ್ ವಿಲ್ಸನ್ ಮತ್ತು ಅವರು 1902ರ ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ಅಕ್ಷಾಂಶ 82 ಡಿಗ್ರಿಯನ್ನು ದಾಟಿ ಮುನ್ನಡೆದರು. ಆ ವೇಳೆಗೆ ಅಷ್ಟು ದಕ್ಷಿಣಕ್ಕೆ ಬೇರಾರೂ ಹೋಗಿರಲಿಲ್ಲ. ಮರಳುವ ದಾರಿಯಲ್ಲಿ ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗಕ್ಕೆ ಮೂವರೂ ತುತ್ತಾದರು. ಶ್ಯಾಕಲ್ಟನ್ ಅವರ ಸ್ಥಿತಿ ಹೆಚ್ಚು ಗಂಭೀರವಾಗಿದ್ದುದರಿಂದ 1903ರಲ್ಲಿ ಅವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು.

ನಿಮ್ರಾಡ್ ಯಾತ್ರೆ

1907ರಲ್ಲಿ ಶ್ಯಾಕಲ್ಟನ್ ತಮ್ಮದೇ ನೇತೃತ್ವದಲ್ಲಿ ನಿಮ್ರಾಡ್ ಹಡಗಿನ ಯಾತ್ರೆಯನ್ನು ಆರಂಭಿಸಿದರು. ಅವರ ತಂಡದ ಸದಸ್ಯರು ಎರೆಬಸ್ ಅಗ್ನಿಪರ್ವತವನ್ನು ಮೊದಲ ಬಾರಿಗೆ ಏರಿದರು. ಇನ್ನೊಂದು ಗುಂಪು ದಕ್ಷಿಣ ಕಾಂತಧ್ರುವದ ಪ್ರದೇಶವನ್ನು ತಲುಪಿತು. ಫ್ರಾಂಕ್ ವೈಲ್ಡ್, ಎರಿಕ್ ಮಾರ್ಷಲ್ ಮತ್ತು ಜೇಮ್ಸನ್ ಆಡಮ್ಸ್ ಅವರೊಂದಿಗೆ ಶ್ಯಾಕಲ್ಟನ್ ಧ್ರುವದತ್ತ ಹೊರಟು, ಬಿಯರ್ಡ್‌ಮೋರ್ ಹಿಮನದಿಯನ್ನು ಕಂಡು, ಅದನ್ನೇರಿ ಪ್ರಸ್ಥಭೂಮಿಯನ್ನು ಸೇರಿದರು. ಜನವರಿ 9, 1909ರಂದು ಅವರು 88 ಡಿಗ್ರಿ 23 ಮಿನಿಟು ದಕ್ಷಿಣ ಅಕ್ಷಾಂಶದಲ್ಲಿದ್ದರು. ಧ್ರುವವು ಅಲ್ಲಿಂದ ಕೇವಲ 180 ಕಿ.ಮೀ. ದೂರದಲ್ಲಿತ್ತು. ಮುಂದುವರಿದರೆ ಧ್ರುವವನ್ನು ಸೇರಬಹುದಿತ್ತು, ಆದರೆ ಉಳಿದಿದ್ದ ಆಹಾರದಲ್ಲಿ ಜೀವಂತವಾಗಿ ಮರಳುವ ಸಾಧ್ಯತೆ ಇರಲಿಲ್ಲ. ಶ್ಯಾಕಲ್ಟನ್ ಹಿಂದಿರುಗಲು ನಿರ್ಧರಿಸಿದರು. ನಾಲ್ವರೂ ಬದುಕಿ ಬಂದರು. ಅದೇ ವರ್ಷ ಅವರಿಗೆ ಸರ್ ಪದವಿ ದೊರೆಯಿತು.

ಎಂಡ್ಯೂರೆನ್ಸ್ ಯಾತ್ರೆ

1911ರ ಡಿಸೆಂಬರ್‌ನಲ್ಲಿ ನಾರ್ವೆಯ ರೊವಾಲ್ಡ್ ಅಮುಂಡ್ಸೆನ್ ಧ್ರುವವನ್ನು ಮುಟ್ಟಿದರು. ಬಳಿಕ ಶ್ಯಾಕಲ್ಟನ್ ವೆಡೆಲ್ ಸಮುದ್ರದಿಂದ ರಾಸ್ ಸಮುದ್ರದವರೆಗೆ ಖಂಡವನ್ನು ಅಡ್ಡಹಾಯುವ ಯೋಜನೆಯನ್ನು ರೂಪಿಸಿದರು. ಎಂಡ್ಯೂರೆನ್ಸ್ ಹಡಗು ಡಿಸೆಂಬರ್ 5, 1914ರಂದು ಸೌತ್ ಜಾರ್ಜಿಯಾ ದ್ವೀಪದಿಂದ ಹೊರಟಿತು. 1915ರ ಜನವರಿಯಲ್ಲಿ ಅದು ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಹಿಮದ ಒತ್ತಡಕ್ಕೆ ಜಜ್ಜಿಹೋದ ಹಡಗನ್ನು ಅಕ್ಟೋಬರ್‌ನಲ್ಲಿ ತ್ಯಜಿಸಬೇಕಾಯಿತು. ನವೆಂಬರ್ 21ರಂದು ಅದು ಮುಳುಗಿತು.

28 ಮಂದಿಯೂ ತೇಲುವ ಹಿಮದ ಮೇಲೆ ತಿಂಗಳುಗಟ್ಟಲೆ ಬೀಡುಬಿಟ್ಟರು. 1916ರ ಏಪ್ರಿಲ್‌ನಲ್ಲಿ ಹಿಮ ಒಡೆದಾಗ ಮೂರು ದೋಣಿಗಳಲ್ಲಿ ನಿರ್ಜನವಾದ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿಗೆ ಯಾವ ಹಡಗೂ ಬರುವ ನಿರೀಕ್ಷೆ ಇರಲಿಲ್ಲ. ಏಪ್ರಿಲ್ 24ರಂದು ಶ್ಯಾಕಲ್ಟನ್ ಐವರು ಸಂಗಡಿಗರೊಂದಿಗೆ ಸುಮಾರು 7 ಮೀಟರ್ ಉದ್ದದ ಜೇಮ್ಸ್ ಕೇರ್ಡ್ ದೋಣಿಯಲ್ಲಿ ಸೌತ್ ಜಾರ್ಜಿಯಾದತ್ತ ಹೊರಟರು. ದೂರ ಸುಮಾರು 1,300 ಕಿ.ಮೀ. ಮೋಡ ಮುಸುಕಿದ ಆಕಾಶದಲ್ಲಿ ಸೂರ್ಯನು ಕಂಡ ಬೆರಳೆಣಿಕೆಯ ಕ್ಷಣಗಳಲ್ಲಿಯೇ ಫ್ರಾಂಕ್ ವೋರ್ಸ್ಲೀ ದಿಕ್ಕನ್ನು ಲೆಕ್ಕಹಾಕಿದರು. ಮೇ 10ರಂದು ಅವರು ದ್ವೀಪದ ದಕ್ಷಿಣ ತೀರವನ್ನು ಮುಟ್ಟಿದರು. ಆದರೆ ತಿಮಿಂಗಿಲ ಬೇಟೆಗಾರರ ನೆಲೆಗಳಿದ್ದುದು ಉತ್ತರ ತೀರದಲ್ಲಿ. ಶ್ಯಾಕಲ್ಟನ್, ವೋರ್ಸ್ಲೀ ಮತ್ತು ಟಾಮ್ ಕ್ರೀನ್ ನಕ್ಷೆಯಿಲ್ಲದ ಪರ್ವತಗಳನ್ನು ಸುಮಾರು 36 ಗಂಟೆಗಳಲ್ಲಿ ದಾಟಿ, ಮೇ 20ರಂದು ಸ್ಟ್ರಾಮ್ನೆಸ್ ನೆಲೆಯನ್ನು ತಲುಪಿದರು.

ಎಲಿಫೆಂಟ್ ದ್ವೀಪದಲ್ಲಿ 22 ಮಂದಿ ವೈಲ್ಡ್ ಅವರ ಮೇಲ್ವಿಚಾರಣೆಯಲ್ಲಿ ಮಗುಚಿ ಹಾಕಿದ ದೋಣಿಗಳ ಕೆಳಗೆ ದಿನ ಕಳೆಯುತ್ತಿದ್ದರು. ಅವರನ್ನು ಕರೆತರಲು ಮಾಡಿದ ಮೂರು ಪ್ರಯತ್ನಗಳು ಹಿಮದಿಂದಾಗಿ ವಿಫಲವಾದವು. ಕೊನೆಗೆ ಆಗಸ್ಟ್ 30, 1916ರಂದು ಲೂಯಿಸ್ ಪಾರ್ಡೊ ನಡೆಸುತ್ತಿದ್ದ ಚಿಲಿ ದೇಶದ ಯೆಲ್ಚೊ ಹಡಗಿನಲ್ಲಿ ಶ್ಯಾಕಲ್ಟನ್ ಅಲ್ಲಿಗೆ ತಲುಪಿದರು. 22 ಮಂದಿಯೂ ಜೀವಂತವಾಗಿದ್ದರು.

ರಾಸ್ ಸಮುದ್ರದ ತಂಡ

ಈ ಯಾತ್ರೆಯಲ್ಲಿ ಯಾರೂ ಸಾಯಲಿಲ್ಲವೆಂಬ ಪ್ರತೀತಿ ಪೂರ್ಣ ಸತ್ಯವಲ್ಲ. ಖಂಡವನ್ನು ದಾಟಿ ಬರುವವರಿಗಾಗಿ ಆಹಾರದ ದಾಸ್ತಾನು ಇಡಲು ಅರೋರಾ ಹಡಗಿನಲ್ಲಿ ಮತ್ತೊಂದು ತಂಡವು ರಾಸ್ ಸಮುದ್ರಕ್ಕೆ ಹೋಗಿತ್ತು. ಬಿರುಗಾಳಿಗೆ ಹಡಗು ಲಂಗರು ಕಳಚಿ ತೇಲಿಹೋದುದರಿಂದ 10 ಮಂದಿ ದಡದಲ್ಲಿಯೇ ಉಳಿದರು. ಎಂಡ್ಯೂರೆನ್ಸ್‌ನ ಗತಿಯನ್ನು ಅರಿಯದ ಅವರು, ಎಂದೂ ಬಾರದವರಿಗಾಗಿ ದಾಸ್ತಾನುಗಳನ್ನು ಇಟ್ಟು ಮುಗಿಸಿದರು. ಆರ್ನಲ್ಡ್ ಸ್ಪೆನ್ಸರ್-ಸ್ಮಿತ್, ಈನಿಯಾಸ್ ಮ್ಯಾಕಿಂಟಾಷ್ ಮತ್ತು ವಿಕ್ಟರ್ ಹೇವರ್ಡ್ ಪ್ರಾಣ ಕಳೆದುಕೊಂಡರು. ಉಳಿದ ಏಳು ಮಂದಿಯನ್ನು ಕರೆತಂದ ಹಡಗಿನಲ್ಲಿ 1917ರ ಜನವರಿಯಲ್ಲಿ ಶ್ಯಾಕಲ್ಟನ್ ಸ್ವತಃ ಇದ್ದರು.

ಮರಣ

1921ರಲ್ಲಿ ಅವರು ಕ್ವೆಸ್ಟ್ ಹಡಗಿನಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು. ಹಳೆಯ ಸಂಗಡಿಗರಲ್ಲಿ ಹಲವರು ಜೊತೆಗೂಡಿದರು. ಜನವರಿ 5, 1922ರಂದು ಸೌತ್ ಜಾರ್ಜಿಯಾದ ಗ್ರಿಟ್ವಿಕೆನ್‌ನಲ್ಲಿ ಲಂಗರು ಹಾಕಿದ್ದ ಹಡಗಿನಲ್ಲಿಯೇ ಅವರು ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು 47. ಭಾರಿ ಸಾಲವನ್ನು ಅವರು ಬಿಟ್ಟುಹೋಗಿದ್ದರು. ಪತ್ನಿಯ ಇಚ್ಛೆಯಂತೆ ಅವರನ್ನು ಗ್ರಿಟ್ವಿಕೆನ್‌ನಲ್ಲಿ ಸಮಾಧಿ ಮಾಡಲಾಯಿತು.

ಸ್ಮರಣೆ ಮತ್ತು ಪ್ರವಾಸಿ ಯಾನಗಳು

1966ರಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಪ್ರವಾಸಿಗರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದ ಬಳಿಕ ಅಲ್ಲಿಗೆ ಸಾಹಸಯಾನದ ಹಡಗುಗಳು ನಿಯಮಿತವಾಗಿ ಹೋಗತೊಡಗಿದವು. ಇಂದು ಹೆಚ್ಚಿನವು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ, ದಕ್ಷಿಣದ ಬೇಸಿಗೆಯಲ್ಲಿ ಹೊರಡುತ್ತವೆ. ಸೌತ್ ಜಾರ್ಜಿಯಾಕ್ಕೆ ಬರುವ ಪ್ರಯಾಣಿಕರು ಶ್ಯಾಕಲ್ಟನ್ ಸಮಾಧಿಗೆ ಭೇಟಿ ನೀಡುತ್ತಾರೆ. ಹವಾಮಾನ ಅನುಕೂಲವಾಗಿದ್ದರೆ, ಅವರು ಪರ್ವತಗಳನ್ನು ದಾಟಿ ಬಂದ ಹಾದಿಯ ಕೊನೆಯ ಕೆಲವು ಕಿಲೋಮೀಟರುಗಳನ್ನು ಸ್ಟ್ರಾಮ್ನೆಸ್‌ನತ್ತ ನಡೆದು ನೋಡುತ್ತಾರೆ. ಎಲಿಫೆಂಟ್ ದ್ವೀಪದಲ್ಲಿ ಪಾರ್ಡೊ ಅವರ ಸ್ಮಾರಕವಿದೆ, ಆದರೆ ಅಲೆಗಳ ಅಬ್ಬರದಿಂದಾಗಿ ಅಲ್ಲಿ ದಡಕ್ಕಿಳಿಯುವುದು ಇಂದಿಗೂ ಕಷ್ಟಸಾಧ್ಯ.

ಎಂಡ್ಯೂರೆನ್ಸ್‌ನ ಅವಶೇಷವು 2022ರ ಮಾರ್ಚ್‌ನಲ್ಲಿ ವೆಡೆಲ್ ಸಮುದ್ರದ 3,008 ಮೀಟರ್ ಆಳದಲ್ಲಿ ಪತ್ತೆಯಾಯಿತು. ಅಂಟಾರ್ಕ್ಟಿಕಾ ಒಪ್ಪಂದದ ಪ್ರಕಾರ ಅದು ಸಂರಕ್ಷಿತ ಐತಿಹಾಸಿಕ ಸ್ಮಾರಕವಾಗಿರುವುದರಿಂದ ಅದನ್ನು ಮೇಲೆತ್ತದೆ ಇದ್ದಲ್ಲಿಯೇ ಬಿಡಲಾಗಿದೆ.