ಹಬಲ್‌ಗೆ ಸಿಕ್ಕಿದ್ದು ಒಂದೇ ವ್ಯೂ

ನಮ್ಮ ಡೈಮಂಡ್ ಬಾರ್‌ನ ವಾಯವ್ಯಕ್ಕೆ ಮೌಂಟ್ ವಿಲ್ಸನ್, ಆಗ್ನೇಯಕ್ಕೆ ಸ್ಯಾನ್ ಡಿಯೇಗೋ ಕಡೆಯ ಪಾಲೋಮರ್. ಎಡ್ವಿನ್ ಹಬಲ್ ದುಡಿದದ್ದು ಈ ಎರಡು ಬೆಟ್ಟಗಳ ದೂರದರ್ಶಕಗಳಲ್ಲಿ.

1889ರಲ್ಲಿ ಮಿಸ್ಸೌರಿಯಲ್ಲಿ ಹುಟ್ಟಿದ ಹಬಲ್, ಅಪ್ಪನ ಆಸೆಯಂತೆ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದರು. ಅಪ್ಪ ತೀರಿಕೊಂಡ ಮೇಲೆ ಸ್ವಲ್ಪ ಕಾಲ ಹೈಸ್ಕೂಲ್ ಮೇಷ್ಟ್ರು, ಆಮೇಲೆ ಖಗೋಳಶಾಸ್ತ್ರ. (ಮನೆಯವರಿಗೊಂದು ಓದು, ಮನಸ್ಸಿಗೊಂದು ಓದು. ನಮ್ಮಲ್ಲಿ ಎಷ್ಟು ಜನ ಇಲ್ಲ ಹೀಗೆ!) 1919ರಲ್ಲಿ ಮೌಂಟ್ ವಿಲ್ಸನ್‌ಗೆ ಬಂದರು. ಆಗ ಜಗತ್ತಿನಲ್ಲೇ ದೊಡ್ಡದಾದ 100 ಇಂಚಿನ ದೂರದರ್ಶಕ ಅಲ್ಲಿತ್ತು. ಆಂಡ್ರೊಮೆಡಾ ಬೇರೆಯೇ ಗ್ಯಾಲಕ್ಸಿ ಅಂತ ಅವರು ತೋರಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕಾಡುವುದು 1926ರ ಕೆಲಸ.

ಆ ವರ್ಷ ಅವರು ಗ್ಯಾಲಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದರು. ಮೊಟ್ಟೆಯಾಕಾರದವಕ್ಕೆ ಇ-0ಯಿಂದ ಇ-7. ದುಂಡಗಿದ್ದರೆ ಸೊನ್ನೆ, ಚಪ್ಪಟೆಯಾದಷ್ಟೂ ಅಂಕಿ ಜಾಸ್ತಿ. ಆದ್ರೆ ಅದು ಕಣ್ಣಿಗೆ ಕಂಡ ಆಕಾರ ಅಷ್ಟೇ. ಅಕ್ಕಿ ರೊಟ್ಟಿಯನ್ನು ಮೇಲಿಂದ ನೋಡಿದರೂ ದುಂಡಗೇ ಅಲ್ವಾ? ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್‌ನಲ್ಲಿ ಟಾಪ್ ವ್ಯೂ, ಫ್ರಂಟ್ ವ್ಯೂ, ಸೈಡ್ ವ್ಯೂ ಮೂರೂ ಬರೆಸುತ್ತಿದ್ದರು. ಆಕಾಶ ಕೊಡುವುದು ಒಂದೇ ವ್ಯೂ. ಹಬಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಒಂದೊಂದು ಗ್ಯಾಲಕ್ಸಿಯ ನಿಜರೂಪದ ಬದಲು, ಒಟ್ಟು ಲೆಕ್ಕದಿಂದ ಅಂದಾಜು ಮಾಡಿದರು.

ಇವು ಚಪ್ಪಟೆಯಾಗಿರೋದು ಯಾಕೆ? ತಿರುಗುವುದರಿಂದ ಅನ್ನೋದೇ ಆ ಕಾಲದ ಎಣಿಕೆ. ಪರೀಕ್ಷಿಸಬೇಕೆಂದರೆ ನಕ್ಷತ್ರಗಳ ವೇಗ ಬೇಕು. ಒಂದು ಅಂಚಿನವು ನಮ್ಮತ್ತ, ಇನ್ನೊಂದು ಅಂಚಿನವು ಆಚೆಗೆ ಎಷ್ಟು ವೇಗದಲ್ಲಿ ಹೋಗುತ್ತಿವೆ ಅಂತ ಬೆಳಕಿನ ರೋಹಿತದಲ್ಲಿ ಅಳೆಯಬೇಕು. ಇಷ್ಟು ಮಂಕಾದ ಬೆಳಕಿನಲ್ಲಿ ಅದು ಸುಲಭವಲ್ಲ. 1949ರಲ್ಲಿ ಪಾಲೋಮರ್‌ನ 200 ಇಂಚಿನ ದೂರದರ್ಶಕದಿಂದ ಮೊದಲ ಫೋಟೋ ತೆಗೆದವರು ಹಬಲ್ಲೇ. ಅದೇ ವರ್ಷ ಹೃದಯಾಘಾತವಾಯಿತು. 1953ರಲ್ಲಿ ಸ್ಯಾನ್ ಮರೀನೋದಲ್ಲಿ ತೀರಿಕೊಂಡರು. ಸಮಾಧಿ ಎಲ್ಲಿದೆಯೋ ಲೋಕಕ್ಕೆ ತಿಳಿದಿಲ್ಲ.

1975ರಲ್ಲಿ ಇಟಲಿಯ ಬೆರ್ಟೋಲಾ, ಕಪಾಚ್ಚೋಲಿ ಎನ್‌ಜಿಸಿ 4697ರ ವೇಗ ಅಳೆದರು. ಅಷ್ಟು ಚಪ್ಪಟೆಯಾಗಲು ಬೇಕಾದದ್ದಕ್ಕಿಂತ ಬಹಳ ನಿಧಾನ! ಅಂದರೆ ಕುಂಬಾರನ ಚಕ್ರದ ಮಣ್ಣಿನಂತೆ ತಿರುಗಿ ಚಪ್ಪಟೆಯಾದದ್ದಲ್ಲ. ಜೇನುನೊಣಗಳ ಗುಂಪಿನ ಥರ ನಕ್ಷತ್ರಗಳು ಅಡ್ಡಾದಿಡ್ಡಿ ಓಡುತ್ತವೆ, ಯಾವ ದಿಕ್ಕಿನಲ್ಲಿ ಓಟ ಜೋರೋ ಆ ಕಡೆ ಗ್ಯಾಲಕ್ಸಿ ಚಾಚಿಕೊಳ್ಳುತ್ತದೆ. ಕೆಲವಂತೂ ಅವರೆಕಾಳಿನ ಹಾಗೆ ಉದ್ದ, ಅಗಲ, ದಪ್ಪ ಮೂರೂ ಬೇರೆ ಬೇರೆ. ಅಂಥ ಆಕಾರವನ್ನು ನಕ್ಷತ್ರಗಳ ಓಟವೇ ಹಿಡಿದಿಡಬಲ್ಲದು ಅಂತ 1979ರಲ್ಲಿ ಮಾರ್ಟಿನ್ ಶ್ವಾರ್ಜ್‌ಶಿಲ್ಡ್ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು.

ಪಟ್ಟಿಗಳಲ್ಲಿ ಎನ್‌ಜಿಸಿ 4697ರ ಮುಂದೆ ಇವತ್ತಿಗೂ ಹಬಲ್ ಪದ್ಧತಿಯ ಇ-6 ಅಂತಲೇ ಇದೆ.