ಚೋ ಹಾವೊ ಲೀ

ನಮ್ಮ ಕೊಡವರ ಮನೆಗಳಲ್ಲಿ ಗಂಡುಮಗು ಹುಟ್ಟಿದೊಡನೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಅದರ ಕೈಗೆ ಮುಟ್ಟಿಸುವ ವಾಡಿಕೆಯುಂಟು. ಆ ಕೈ ಬೆಳೆದು ಕೋವಿ ಹಿಡಿಯುವುದೆಂಬುದರಲ್ಲಿ ಯಾರಿಗೂ ಸಂದೇಹವಿರುವುದಿಲ್ಲ. ಆದರೆ ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸುರಿಸದಿದ್ದರೆ ಮಗು ಕುಳ್ಳಾಗಿಯೇ ಉಳಿಯುವುದು. ಎಳೆಗೂಸಿನಲ್ಲಂತೂ ರಕ್ತದ ಸಕ್ಕರೆ ಇಳಿದು, ಫಿಟ್ಸು ಬಂದು, ಮಿದುಳಿಗೇ ಹಾನಿಯಾಗಬಹುದು. ಇಂತಹ ಮಕ್ಕಳ ಚಿಕಿತ್ಸೆಗೆ ದಾರಿ ತೆರೆದವರಲ್ಲಿ ಚೋ ಹಾವೊ ಲೀ ಅವರು ಪ್ರಮುಖರು.

ಲೀಯವರು 1913ರಲ್ಲಿ ಚೀನದ ಕ್ಯಾಂಟನ್ನಿನಲ್ಲಿ ಜನಿಸಿದರು. ನಾನ್‌ಕಿಂಗ್ ವಿಶ್ವವಿದ್ಯಾನಿಲಯದ ಪದವಿ ಪಡೆದು 1935ರಲ್ಲಿ ಅಮೆರಿಕೆಯ ಬರ್ಕ್ಲಿಗೆ ಬಂದರು. ಅಲ್ಲಿ ಮೊದಲು ಅವರನ್ನು ಪರೀಕ್ಷಾರ್ಥವಾಗಿ ಮಾತ್ರ ಸೇರಿಸಿಕೊಂಡರು. 1938ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಬಳಿಕ ಹರ್ಬರ್ಟ್ ಇವಾನ್ಸರ ಪ್ರಯೋಗಾಲಯವನ್ನು ಸೇರಿ, 1944ರಲ್ಲಿ ಅವರೊಡನೆ ದನದ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

ಇಲಿಗಳು ಅದರಿಂದ ಚೆನ್ನಾಗಿ ಬೆಳೆದವು, ಮಕ್ಕಳು ಬೆಳೆಯಲಿಲ್ಲ. ದನದ ಮತ್ತು ಹಂದಿಯ ಇನ್ಸುಲಿನ್ನು ಮನುಷ್ಯನಿಗೆ ಒಗ್ಗಿದುದನ್ನು ಕಂಡಿದ್ದವರಿಗೆ ಇದು ಬಿಡಿಸಲಾಗದ ಒಗಟಾಯಿತು. ಲೀಯವರು ಪಟ್ಟುಬಿಡದೆ 1956ರಲ್ಲಿ ಹೆರಾಲ್ಡ್ ಪ್ಯಾಪ್ಕಾಫರೊಡನೆ ಮಾನವನ ಹಾರ್ಮೋನನ್ನೇ ಬೇರ್ಪಡಿಸಿ, ಅದರ ರಚನೆಯು ದನದ್ದಕ್ಕಿಂತ ಭಿನ್ನವೆಂದು ತೋರಿಸಿದರು. 1958ರಲ್ಲಿ ಬಾಸ್ಟನ್ನಿನ ಮಾರಿಸ್ ರಾಬೆನ್ನರು, ತಾವೇ ತಯಾರಿಸಿದ ಮಾನವ ಹಾರ್ಮೋನಿನಿಂದ 17 ವರ್ಷದ ಕುಳ್ಳ ಹುಡುಗನೊಬ್ಬನು ಬೆಳೆಯತೊಡಗಿದುದನ್ನು ಪ್ರಕಟಿಸಿದರು.

ಆದರೆ ಔಷಧ ಸಿಗುವುದೆಲ್ಲಿಂದ? ಶವಗಳ ಗ್ರಂಥಿಯಿಂದ ಮಾತ್ರ. ಒಂದು ಮಗುವಿಗೆ ಎಷ್ಟೋ ಶವಗಳು ಬೇಕು! ರಚನೆ ತಿಳಿದರೆ ಕೈಯಿಂದಲೇ ಮಾಡಬಹುದೆಂದು ಲೀಯವರು ವರ್ಷಗಟ್ಟಲೆ ದುಡಿದು, 1966ರಲ್ಲಿ 188 ಅಮೈನೋ ಆಮ್ಲಗಳ ಸರಪಳಿಯೆಂದು ಸಾರಿದರು. ಅದರಲ್ಲಿ ತಪ್ಪಿತ್ತು. ಅವು 191 ಎಂಬುದು 1971ರಲ್ಲಿ ಇತರರಿಂದ ಸ್ಪಷ್ಟವಾಯಿತು. ಅಷ್ಟರಲ್ಲಿ ಅವರು ಹಳೆಯ ನಕ್ಷೆಯಂತೆಯೇ ಹಾರ್ಮೋನನ್ನು ಕಟ್ಟಿಯೂ ಆಗಿತ್ತು. ಇಷ್ಟು ದೊಡ್ಡ ಪಂಡಿತರೂ ಹೀಗೆ ಎಡವಿದರೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಅವರು ಆ ದಾರಿಗೆ ಇಳಿದುದೇ ದೊಡ್ಡದೆಂದು ನನ್ನ ಎಣಿಕೆ.

1985ರಲ್ಲಿ ಭಯಂಕರ ಸಂಗತಿಯೊಂದು ಹೊರಬಿತ್ತು. ಬಾಲ್ಯದಲ್ಲಿ ಶವದ ಹಾರ್ಮೋನು ಪಡೆದ ಕೆಲವು ತರುಣರು, ಆ ಗ್ರಂಥಿಗಳ ಮೂಲಕ ಬಂದ ಮಿದುಳಿನ ಮಾರಕ ರೋಗದಿಂದ ಸತ್ತಿದ್ದರು. ಅಮೆರಿಕೆಯಲ್ಲಿ ಅದರ ವಿತರಣೆ ನಿಂತಿತು. ಅದೇ ವರ್ಷ, ಬ್ಯಾಕ್ಟೀರಿಯಗಳಿಂದ ತಯಾರಿಸಿದ ಹಾರ್ಮೋನಿಗೆ ಅನುಮತಿ ದೊರೆಯಿತು. ಲೀಯವರು ಎರಡನ್ನೂ ಕಂಡು, 1987ರ ನವೆಂಬರಿನಲ್ಲಿ ಕಾಲವಾದರು. ಈಗ ಕೊರತೆಯನ್ನು ಹೊತ್ತು ಹುಟ್ಟಿದ ಎಳೆಗೂಸಿಗೂ ದಿನಕ್ಕೊಮ್ಮೆ ಚರ್ಮದಡಿ ಈ ಔಷಧವನ್ನು ಚುಚ್ಚುವರು. ಅದಕ್ಕೆ ಯಾವ ಶವದ ಹಂಗೂ ಇಲ್ಲ.