ರೊಟ್ಟಿಯು ಉಬ್ಬುವ ಕಾರಣ

ಒಲೆಯ ಬಳಿ ನಿಂತ ಬಾಲಿಕೆಯು ರೊಟ್ಟಿಯೇಕೆ ಉಬ್ಬುವುದೆಂದು ಕೇಳಿದರೆ, ಅದು ಹಾಗೆಯೇ ಎಂದು ಹೇಳಿ ಬಾಯಿಮುಚ್ಚಿಸುವುದು ಅನೇಕ ಮನೆಗಳ ರೂಢಿಯಾಗಿದೆ. ಆ ಪ್ರಶ್ನೆಗೆ ಉತ್ತರವುಂಟು, ಅದನ್ನು ಹೆಣ್ಣುಮಕ್ಕಳಿಗೆ ತಿಳಿಸತಕ್ಕದ್ದು ಎಂದು ದುಡಿದ ಅಮೇರಿಕದ ಎಲ್ಲೆನ್ ರಿಚರ್ಡ್ಸಳ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಈಕೆಯು 1842ನೆಯ ಇಸವಿ ದಶಂಬರ 3ರಂದು ಮಸಾಚುಸೆಟ್ಸ್ ಸಂಸ್ಥಾನದ ಡನ್‌ಸ್ಟೆಬಲ್ ಎಂಬ ಊರಲ್ಲಿ ಜನಿಸಿದಳು. ಬಾಲ್ಯದಲ್ಲಿಯೇ ಪ್ರದರ್ಶನವೊಂದರಲ್ಲಿ ತನ್ನ ಕಸೂತಿಗೂ ತಾನು ಬೇಯಿಸಿದ ರೊಟ್ಟಿಗೂ ಬಹುಮಾನ ಪಡೆದಳು. ಬಡತನದ ದೆಸೆಯಿಂದ ದುಡಿದು ಹಣ ಕೂಡಿಸಿ, ಇಪ್ಪತ್ತೈದು ವರುಷ ದಾಟಿದ ಮೇಲೆ ವಾಸರ್ ಕಾಲೇಜನ್ನು ಸೇರಿ 1870ರಲ್ಲಿ ಪದವೀಧರೆಯಾದಳು. ತರುವಾಯ ಬೋಸ್ಟನ್ ಪಟ್ಟಣದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟಿನವರು ಈಕೆಯನ್ನು ಶುಲ್ಕವಿಲ್ಲದೆ ಸೇರಿಸಿಕೊಂಡರು. ಇದು ದಯೆಯೆಂದೇ ಈಕೆಯು ಎಣಿಸಿದಳು. ಯಾರಾದರೂ ಆಕ್ಷೇಪಿಸಿದರೆ, ಇವಳು ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳುವುದಕ್ಕಾಗಿ ಹಾಗೆ ಮಾಡಿದರೆಂಬುದು ಬಳಿಕ ತಿಳಿಯಬಂತು. 1873ರಲ್ಲಿ ಅಲ್ಲಿಯ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಈಕೆಯೇ.

1875ರಲ್ಲಿ ಗಣಿಶಾಸ್ತ್ರದ ಪ್ರೊಫೆಸರನಾದ ರಾಬರ್ಟ್ ರಿಚರ್ಡ್ಸನನ್ನು ವಿವಾಹವಾದಳು. ಮರುವರುಷ ಸ್ತ್ರೀಯರಿಗಾಗಿ ಒಂದು ಪ್ರಯೋಗಶಾಲೆಯು ತೆರೆಯಲ್ಪಟ್ಟಾಗ ಈಕೆಯು ಅಲ್ಲಿ ಕಲಿಸಿದಳು. ಬಂದವರಲ್ಲಿ ಉಪಾಧ್ಯಾಯಿನಿಯರು ಹೆಚ್ಚಾಗಿದ್ದುದರಿಂದ, ಒಬ್ಬಳಿಗೆ ಕಲಿಸಿದ್ದು ಒಂದು ತರಗತಿಗೇ ಮುಟ್ಟುತ್ತಿತ್ತು.

ಅಡುಗೆ ಮತ್ತು ಶುಚಿತ್ವಗಳ ರಸಾಯನಶಾಸ್ತ್ರವನ್ನು ಕುರಿತ ಈಕೆಯ ಪುಸ್ತಕವು 1882ರಲ್ಲಿ ಹೊರಟಿತು. ರೊಟ್ಟಿಯ ವಿಷಯದಲ್ಲಿ ಶಾಸ್ತ್ರವು ಹೇಳುವುದು ಇಷ್ಟೇ. ಈಸ್ಟ್ ಎಂಬ ಸೂಕ್ಷ್ಮಜೀವಿಯು ಹಿಟ್ಟಿನೊಳಗಣ ಸಕ್ಕರೆಯನ್ನು ತಿಂದು ಇಂಗಾಲಾಮ್ಲವಾಯುವನ್ನು ಬಿಡುತ್ತದೆ. ಗೋಧಿಯ ಜಿಗುಟು ಅದನ್ನು ಗುಳ್ಳೆಗಳಾಗಿ ಹಿಡಿದಿಡುತ್ತದೆ. ಶಾಖಕ್ಕೆ ಗುಳ್ಳೆಗಳು ಹಿಗ್ಗುತ್ತವೆ. ಸೋಡಾಪುಡಿಗೆ ಹುಳಿಯು ಕೂಡಿದರೂ ಅದೇ ವಾಯು ಹೊರಡುವುದು. ಲೋಟದಲ್ಲಿ ಚಿಟಿಕೆ ಸೋಡಾ ಹಾಕಿ ಲಿಂಬೆಹುಳಿ ಹಿಂಡಿದರೆ ಮಗುವೂ ಇದನ್ನು ಕಣ್ಣಾರೆ ಕಾಣಬಹುದು. ತೂಕದಲ್ಲಿ 84 ಪಾಲು ಸೋಡಾಕ್ಕೆ 188 ಪಾಲು ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿಯುಪ್ಪು ಬೇಕು. ಒಂದು ಚಮಚಕ್ಕೆ ಎರಡು ಚಮಚವೆಂಬ ಅಡುಗೆಯವರ ವಾಡಿಕೆಗೆ ಇದೇ ಆಧಾರ. ಸೋಡಾ ಮಿಕ್ಕುಳಿದರೆ ರೊಟ್ಟಿಯು ಹಳದಿಯಾಗಿ ಸಾಬೂನಿನ ರುಚಿ ಬರುವುದು. ಗೋಳಿಬಜೆಯ ಹಿಟ್ಟಿಗೆ ಹುಳಿಮಜ್ಜಿಗೆಯನ್ನೂ ಸೋಡಾವನ್ನೂ ಕೂಡಿಸುವ ನಮ್ಮ ಗೃಹಿಣಿಯರು ಹೆಸರರಿಯದೆ ಇದೇ ಪ್ರಯೋಗವನ್ನು ಮಾಡುವವರಲ್ಲವೇ!

ಈಕೆಯ ಎಲ್ಲಾ ಯತ್ನಗಳೂ ಸಫಲವಾಗಲಿಲ್ಲ. 1890ರಲ್ಲಿ ಬೋಸ್ಟನ್ನಿನಲ್ಲಿ ಬಡವರಿಗೆ ಪುಷ್ಟಿಕರವಾದ ಆಹಾರವನ್ನು ಅಗ್ಗವಾಗಿ ಮಾರುವ ಅಡುಗೆಮನೆಯನ್ನು ಗೆಳತಿಯರೊಡನೆ ಸ್ಥಾಪಿಸಿದಳು. ಪರದೇಶಗಳಿಂದ ಬಂದು ನೆಲಸಿದ್ದ ಕೂಲಿಜನರಿಗೆ ಆ ಸಪ್ಪೆ ಊಟ ಹಿಡಿಸಲಿಲ್ಲ. ಅಳತೆ ತೂಕಗಳನ್ನು ಬಲ್ಲವರು ನಾಲಿಗೆಯ ಹಟವನ್ನು ಲೆಕ್ಕಕ್ಕೆ ತಾರದೆ ಹೋದರೆಂದು ನಮಗೆ ತೋರುತ್ತದೆ. ಆದರೂ 1894ರಿಂದ ಆ ಪಟ್ಟಣದ ಹೈಸ್ಕೂಲಿನ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅದೇ ಅಡುಗೆಮನೆಯು ಒದಗಿತು.

ಗೃಹವಿಜ್ಞಾನವು ಶಾಲೆಗಳ ಪಾಠವಾಗುವಂತೆ ಶ್ರಮಿಸಿದವರು 1908ರಲ್ಲಿ ಸಂಘವನ್ನು ಕಟ್ಟಿ ಈಕೆಯನ್ನೇ ಮೊದಲನೆಯ ಅಧ್ಯಕ್ಷೆಯನ್ನಾಗಿ ಆರಿಸಿದರು. 1910ರಲ್ಲಿ ಸ್ಮಿತ್ ಕಾಲೇಜು ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ತಾನು ಓದಿದ ಇನ್‌ಸ್ಟಿಟ್ಯೂಟಿನಲ್ಲಾದರೋ ಈಕೆಯು 1884ರಿಂದ ಆರೋಗ್ಯ ರಸಾಯನಶಾಸ್ತ್ರವನ್ನು ಕಲಿಸುತ್ತಿದ್ದು, 1911ನೆಯ ಇಸವಿ ಮಾರ್ಚ್ 30ರಂದು ತೀರಿಕೊಳ್ಳುವ ತನಕ ಪ್ರೊಫೆಸರಳೆನಿಸಲಿಲ್ಲ.